ಬಿಲ್ವಪತ್ರಿ ಸಾಲಿನ ಸೈಕಲ್ ದಾರಿ

ಮರಾಠಿ ಸೀಮೆಯ ಉದಗೀರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ನಾನು ಸೈಕಲ್ ಏರಿ ಪೇಟೆಗೆ ಹೋಗಿ ಕೊತ್ತಂಬರಿ ತಂದೆ. ಅದೇ ಮಧ್ಯಾಹ್ನ ನಮ್ಮ ಮಾವನ ಅಂಗಡಿಗೆ ಮೂವರು ವ್ಯಾಪಾರಸ್ಥರು ಸಮಾಧಾನ ಹೇಳಲು ಬಂದರು. ಮಾವನದು ಆಡತ್ ಅಂಗಡಿ, ಅಂದರೆ ರೈತರು ತಂದ ಕಾಳುಕಡಿಯನ್ನು ಮಾರಿಸಿಕೊಡುವ ದಲ್ಲಾಳಿ ಅಂಗಡಿ. ಬಂದವರು ಬಿಳಿ ಗಾದಿಯ ಮೇಲೆ ಕೂತು, ಚಹಾ ಕುಡಿದು, ಮಳೆಯ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಧಂಧೆಯಲ್ಲಿ ಏನಾದರೂ ಎಡವಟ್ಟಾಗಿದೆಯೇ ಎಂದು ಕೇಳಿದರಂತೆ. ಮನೆಯ ಸೊಸೆ ಸೈಕಲ್ ಮೇಲೆ ತಿರುಗುವ ಹೊತ್ತು ಬಂದಿದೆಯಲ್ಲ ಎಂಬುದು ಅವರ ಕಾಳಜಿ. ಅವರಲ್ಲಿ ಒಬ್ಬರು ತಮ್ಮ ಕಾರನ್ನು ನಾಲ್ಕು ದಿನ ಇಟ್ಟುಕೊಳ್ಳಿ ಎಂದೂ ಹೇಳಿ ಹೋದರಂತೆ.

ಕೊತ್ತಂಬರಿ ತರಲು ಹೋಗಿ ನಾನು ನಮ್ಮ ಮನೆಯ ದಿವಾಳಿ ಸಾರಿ ಬಂದಿದ್ದೆ. ಧಾರವಾಡದಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೇಗೆ ಹೊಳೆಯಬೇಕು? ನಮ್ಮೂರಲ್ಲಿ ನಮ್ಮಪ್ಪ ಸೈಕಲ್ ಮೇಲೆಯೇ ಕಚೇರಿಗೆ ಹೋಗಿ ಬಂದು ನಿವೃತ್ತರಾದರು. ನಾನು ಕಾಲೇಜಿನ ದಾರಿಯ ಏರಿನಲ್ಲಿ ನಿಂತು ತುಳಿದು, ಇಳುಕಲಿನಲ್ಲಿ ಕಾಲು ಬಿಟ್ಟು, ಮರಗಳ ನೆರಳಲ್ಲೇ ಮನೆಗೆ ಬರುತ್ತಿದ್ದವಳು. ದಾರಿಯಲ್ಲಿ ಯಾರಾದರೂ ನನ್ನನ್ನು ನೋಡಿದರೆ ಚೈನ್ ಬಿದ್ದಿದೆಯೇ ಎಂದು ಕೇಳುತ್ತಿದ್ದರೇ ಹೊರತು ಅಪ್ಪನ ಸ್ಥಿತಿಗತಿ ವಿಚಾರಿಸುತ್ತಿರಲಿಲ್ಲ.

ಮಾವ ಸಂಜೆ ಬಂದವರು ಬೈಯಲಿಲ್ಲ. ಕಾಲು ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು, ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನೋಡವ್ವಾ, ನಾ ವಲಾಂಡಿಂದ ಇಲ್ಲಿಗಿ ಸೈಕಲ್ ಮ್ಯಾಲೇ ಬಂದಾಂವ. ಹಿಂದ ತೊಗರಿ ಚೀಲ ಕಟ್ಕೊಂಡು, ಬಿಸಲಾಗ, ಚಪ್ಪಲ್ ಸುದ್ದಾ ಇಲ್ದ. ಅದ್ರ ಮ್ಯಾಲಿಂದ ಇಳೀಲಾಕ ನನಗ ಅರ್ಧ ಆಯುಷ್ಯ ಹಿಡದದ. ನೀ ಮತ್ತ ಯಾಕ ಹತ್ತತೀ?"

ಸೈಕಲ್ ಅಟ್ಟದ ಕೆಳಗೆ, ಖಾಲಿ ಗೋಣಿಚೀಲಗಳ ಹಿಂದೆ ಹೋಯಿತು.

ನಾನು ಇಲ್ಲಿಗೆ ಬಂದದ್ದನ್ನು ವಲಸೆ ಎಂದು ಯಾರೂ ಕರೆಯುವುದಿಲ್ಲ. ಮದುವೆಯಾಗಿ ಬಂದ ಹೆಣ್ಣು ಎಲ್ಲಿಗೆ ಬಂದರೂ ಅದು ಗಂಡನ ಮನೆ ಅಷ್ಟೇ. ಆದರೆ ನನಗೆ ಭಾಷೆ ಬದಲಾಯಿತು, ಬಿಸಿಲು ಬದಲಾಯಿತು, ಹೆಸರೂ ಬದಲಾಯಿತು. ಇಲ್ಲಿ ನಾನು ಅಂಗಡಿಯವರಿಗೆ ಸೂನ್‌ಬಾಯಿ, ಅಂದರೆ ಸೊಸೆ. ಅಕ್ಕಪಕ್ಕದವರಿಗೆ ವಹಿನಿ, ಅಂದರೆ ಅತ್ತಿಗೆ. ಮನೆಯೊಳಗೆ ಕನ್ನಡವೇ. ಆದರೆ ಅರ್ಧ ವಾಕ್ಯ ಆಗುವಷ್ಟರಲ್ಲಿ ಮರಾಠಿ ಬಂದು ಉಳಿದರ್ಧ ಮುಗಿಸುತ್ತದೆ. ನನ್ನ ಕನ್ನಡ ಕೇಳಿ ನಿಲಂಗಾದಲ್ಲಿರುವ ನಾದಿನಿ, ವಹಿನಿ ಮಾತಾಡಿದರೆ ರೇಡಿಯೋ ಹಚ್ಚಿದಂತಾಗುತ್ತದೆ ಎಂದು ಎಲ್ಲರೆದುರು ನಕ್ಕಳು. ನಮ್ಮ ಒಗ್ಗರಣೆ ಚುರಮುರಿ ಇಲ್ಲಿ ಸುಶೀಲಾ ಎಂಬ ಹೆಣ್ಣಿನ ಹೆಸರಿನಲ್ಲಿ ತಟ್ಟೆಗೆ ಬಂತು. ಮೊದಲ ಸಲ ಅತ್ತೆ ಒಳಗಿನಿಂದ ಸುಶೀಲಾ ಆಗಿದೆ ಎಂದು ಕೂಗಿದಾಗ ಯಾರೋ ನೆಂಟರು ಬಂದಿದ್ದಾರೆಂದು ನಾನು ಸೆರಗು ಹೊದ್ದು ಬಾಗಿಲಿಗೆ ಹೋಗಿದ್ದೆ. ಇದನ್ನು ಇವತ್ತಿಗೂ ಮನೆಯಲ್ಲಿ ಹೇಳಿಕೊಂಡು ನಗುತ್ತಾರೆ, ನಾನೂ ನಗುತ್ತೇನೆ.

ಊಟಕ್ಕೆ ಒಗ್ಗಿದೆ, ಮಾತಿಗೆ ಒಗ್ಗಿದೆ. ಒಗ್ಗದೇ ಉಳಿದದ್ದು ಒಂದೇ, ಕೇಳಿಕೊಂಡು ಹೊರಡುವುದು. ಸೂಜಿದಾರ ಬೇಕೆಂದರೂ ಇಲ್ಲಿ ಯಾರಾದರೂ ನನ್ನನ್ನು ಕರೆದುಕೊಂಡು ಹೋಗಬೇಕು. ಗಂಡ ವಿಶ್ವನಾಥನ ಮೋಟರ್‌ಸೈಕಲ್ ಬಿಡುವಾಗಬೇಕು, ಇಲ್ಲವೇ ಅಂಗಡಿಯ ಕಾರಿನ ಡ್ರೈವರ್ ಜಳಕೋಟಕ್ಕೆ ಹೋದವನು ತಿರುಗಿ ಬರಬೇಕು. ಯಾರೂ ಬೇಡ ಅನ್ನುವುದಿಲ್ಲ, ಎಲ್ಲರೂ ಒಳ್ಳೆಯವರೇ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ನಡೆದು ಹೋಗೋಣವೆಂದರೆ ಲಾರಿಗಳ ಸಾಲು, ಗಟಾರು, ಅದರ ಮೇಲೆ ಮಧ್ಯಾಹ್ನದ ಬಿಸಿಲು. ಮೂರು ವರ್ಷ ನಾನು ಆ ಮನೆಯ ಕಿಟಕಿಯ ಹಿಂದೆ ಕೂತು ಸಣ್ಣಗೆ ಕೊರಗಿದೆ. ಧಾರವಾಡಕ್ಕೆ ಫೋನ್ ಮಾಡಿದಾಗ ಮಾತ್ರ ಎಲ್ಲ ಆರಾಮ ಎಂದು ಹೇಳುತ್ತಿದ್ದೆ.

ಆಗ ಕಾಲೇಜಿನ ರಸ್ತೆ ಅಗಲವಾಗುವ ಸುದ್ದಿ ಬಂತು. ಪೇಟೆಯ ಚೌಕದಿಂದ ಹೊರಟು ಊರಿನ ಅಂಚಿನ ಕಾಲೇಜಿನವರೆಗೆ ಹೋಗುವ ರಸ್ತೆ ಅದು. ಅದರ ಒಂದು ಬದಿಗೆ ಸೈಕಲ್ಲಿಗಾಗಿಯೇ ಬೇರೆ ದಾರಿ, ಸಾಲು ಮರ, ಕೂರಲು ಕಲ್ಲಿನ ಬೆಂಚು ಎಲ್ಲ ಬರುತ್ತವೆ ಎಂದರು. ಹಸಿರು ರಸ್ತೆ ಎಂದು ದೊಡ್ಡ ಬೋರ್ಡು ನಿಲ್ಲಿಸಿದರು. ಬೋರ್ಡಿನ ಚಿತ್ರದಲ್ಲಿ ಒಬ್ಬ ಹೆಣ್ಣುಮಗಳು ಕೂದಲು ಹಾರಿಸುತ್ತ ಸೈಕಲ್ ತುಳಿಯುತ್ತಿದ್ದಳು. ಹಾಗೆ ಕೂದಲು ಬಿಟ್ಟುಕೊಂಡು ಉದಗೀರದಲ್ಲಿ ಯಾರೂ ತಿರುಗುವುದಿಲ್ಲ, ಆದರೂ ಆ ಚಿತ್ರ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಆ ರಸ್ತೆಯ ಕೊನೆಗೆ ಒಂದು ಸಣ್ಣ ಶಾಲೆ ಇತ್ತು, ಅವರಿಗೆ ಗಣಿತ ಕಲಿಸುವವರು ಬೇಕಾಗಿತ್ತು. ನಾನು ಬಿ.ಎಡ್. ಮಾಡಿಕೊಂಡು ತೊಗರಿಬೇಳೆ ಆರಿಸುತ್ತ ಕೂತವಳು.

ಮಾವನ ಮುಂದೆ ಹೋಗಿ ನಿಂತೆ. ಬೇರೆ ದಾರಿಯೇ ಆದಮೇಲೆ, ನಾಲ್ಕು ಮಂದಿಯ ಹೆಣ್ಣುಮಕ್ಕಳು ಅದರಲ್ಲಿ ಓಡಾಡಿದಮೇಲೆ ನಮ್ಮ ಅಂಗಡಿಗೆ ಯಾರೂ ಸಮಾಧಾನ ಹೇಳಲು ಬರುವುದಿಲ್ಲ ಎಂದೆ. ಮಾವ ಬಹಳ ಹೊತ್ತು ತಾಂಬೂಲ ಅಗಿದರು. ದಾರಿ ಆಗಲಿ, ನೆರಳು ಬರಲಿ, ಆಮೇಲೆ ಹೋಗು ಎಂದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಗೆಲುವು ಅದು. ನೆರಳು ಎಂಬ ಒಂದು ಮಾತನ್ನು ಷರತ್ತಿನಲ್ಲಿ ಸೇರಿಸಿದ್ದರಿಂದ ಏನೇನಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹಸಿರು ರಸ್ತೆಗೆ ಜಾಗ ಮಾಡಲು ಮೊದಲು ಅಲ್ಲಿದ್ದ ಹಸಿರನ್ನು ತೆಗೆದರು. ನಿಜಾಮರ ಕಾಲದವು ಎಂದು ಜನ ಹೇಳುತ್ತಿದ್ದ ಬೇವಿನ ಮರಗಳು ಒಂದು ವಾರದಲ್ಲಿ ಸೌದೆಯಾದವು. ದಾರಿಯ ಸಿಮೆಂಟು ಬೇಗ ಬಿತ್ತು, ಮೇಲೆ ಹಸಿರು ಬಣ್ಣವನ್ನೂ ಬಳಿದರು. ಸಸಿಗಳು ಮಾತ್ರ ಬರಲಿಲ್ಲ. ನಗರಸಭೆಯ ಕಚೇರಿಯವರು ವ್ಯಾಪಾರಸ್ಥರನ್ನೇ ಕರೆದು ಊರಿನ ದೊಡ್ಡವರು ನೀವೇ ಸಸಿ ಕೊಡಿ, ಒಂದೊಂದು ಸಸಿಗೆ ನಿಮ್ಮ ಹಿರಿಯರ ಹೆಸರಿನ ಫಲಕ ಹಾಕುತ್ತೇವೆ ಎಂದರಂತೆ. ಇಷ್ಟು ಹೇಳಿದ್ದೇ ತಡ, ಪೇಟೆಗೆ ಪೇಟೆಯೇ ಎದ್ದು ನಿಂತಿತು.

ನಮ್ಮದು ಶಿವಭಕ್ತರ ಪೇಟೆ. ಅಡ್ನಾಡಿ ಗಿಡಕ್ಕೆ ಅಪ್ಪನ ಹೆಸರು ಇಡುತ್ತಾರೆಯೇ? ಸಭೆ ನಮ್ಮ ಅಂಗಡಿಯಲ್ಲೇ ಸೇರಿತು. ಚಹಾದ ಬಸಿ ಕೊಡುವ ನೆಪದಲ್ಲಿ ನಾನು ಒಳಬಾಗಿಲಲ್ಲಿ ನಿಂತು ಕೇಳಿದೆ. ಬೇವು, ಹೊಂಗೆ ಎಂದು ನಾನು ಬರೆದುಕೊಟ್ಟಿದ್ದ ಚೀಟಿಯನ್ನು ಮಾವ ಓದಿದರು. ಯಾರೂ ಬೇಡವೆನ್ನಲಿಲ್ಲ, ಯಾರೂ ಹೂಂ ಎನ್ನಲೂ ಇಲ್ಲ. ಕಿರಾಣಿ ಅಂಗಡಿಯ ಹಿರಿಯರೊಬ್ಬರು ತಮ್ಮ ತಾಯಿಯ ಹೆಸರಿಗೆ ಬಿಲ್ವಪತ್ರಿ ಗಿಡ ಹಚ್ಚುತ್ತೇನೆ ಎಂದರು. ಅಲ್ಲಿಗೆ ಮುಗಿಯಿತು. ಒಬ್ಬರ ತಾಯಿಗೆ ಬಿಲ್ವವಾದಮೇಲೆ ಇನ್ನೊಬ್ಬರ ತಂದೆಗೆ ಹೊಂಗೆ ಆದೀತೇ? ಅರಿವೆ ಅಂಗಡಿ, ಬೇಳೆ ಮಿಲ್ಲು, ಬೆಲ್ಲದ ಅಂಗಡಿ ಎಲ್ಲರದೂ ಬಿಲ್ವವೇ ಆಯಿತು.

ಸಭೆ ಮುಗಿದ ಮೇಲೆ ನಾನು ಮಾವನಿಗೆ ಹೇಳಿದೆ. ಬಿಲ್ವಕ್ಕೆ ಮುಳ್ಳು ಇರುತ್ತವೆ, ಬೆರಳುದ್ದದವು. ಅದರ ಕೆಳಗೆ ಸೈಕಲ್ ದಾರಿ ಮಾಡಿದರೆ ಟೈರಿನ ಗತಿ ಏನು? ಅದೂ ಅಲ್ಲದೆ ಬಿಲ್ವದ ಟೊಂಗೆಯನ್ನು ಇಲ್ಲಿ ಯಾರೂ ಕಡಿಯುವುದಿಲ್ಲ, ಕಡಿದರೆ ಪಾಪ.

"ಮುಳ್ಳು ಇರ್ತಾವ, ಖರೆ ಅದ," ಅಂದರು ಮಾವ. "ಆದ್ರ ಬೇವಿನ ಗಿಡಾ ಕೇಳಿದ್ರ ಒಬ್ಬಾಂವ ಸುದ್ದಾ ಕೊಡಂಗಿಲ್ಲ. ನಿನಗ ನೆಳ್ಳು ಬೇಕೋ ಬ್ಯಾಡೋ?"

ನನಗೆ ನೆರಳು ಬೇಕಿತ್ತು.

ನೆಡುವಾಗ ಇನ್ನೊಂದು ಕತೆ. ಎಲ್ಲರಿಗೂ ತಮ್ಮ ಹಿರಿಯರ ಗಿಡ ಚೌಕದ ಹತ್ತಿರವೇ ಬೇಕು, ನಾಲ್ಕು ಮಂದಿ ನೋಡುವಲ್ಲಿ. ಬಯಲಿನ ಬದಿಗೆ, ಎಲ್ಲಿ ನಿಜವಾಗಿ ಬಿಸಿಲು ಸುಡುತ್ತದೋ ಅಲ್ಲಿಗೆ, ಯಾರ ತಂದೆಯೂ ಹೋಗಲೊಲ್ಲರು. ಚೌಕದ ಬಳಿ ಸಸಿಗಳು ಜಾತ್ರೆಗೆ ಬಂದ ಜನರ ಹಾಗೆ ಒತ್ತಿಕೊಂಡು ನಿಂತವು. ನಡುವಿನ ಅರ್ಧ ದಾರಿ ಬೋಳು. ಮಾವ ಒಬ್ಬರೇ ಮನೆಯ ಮಾತಿಗೆ ಬೆಲೆ ಕೊಟ್ಟು ಬಯಲಿನ ತಿರುವಿನಲ್ಲಿ ಒಂದು ಸಸಿ ನೆಟ್ಟರು. ಅದು ಅವರ ಹಿರಿಯರದಲ್ಲ, ಅವರದೇ ಹೆಸರಿನದು. ನನ್ನದು ನಾನೇ ಹಚ್ಚಿಬಿಡುತ್ತೇನೆ, ಸತ್ತಮೇಲೆ ನೀವು ಎಲ್ಲಿ ಹಚ್ಚುತ್ತೀರೋ ಏನೋ ಎಂದು ನಗುತ್ತ ಮಣ್ಣು ತುಳಿದರು. ಅತ್ತೆ ಅಲ್ಲೇ ಮುಖ ತಿರುಗಿಸಿಕೊಂಡು ಕಾರಿನಲ್ಲಿ ಹೋಗಿ ಕೂತರು.

ಆದರೂ ಹೇಳಲೇಬೇಕು, ಎರಡು ವರ್ಷ ನಾನು ಸುಖಪಟ್ಟೆ. ಶಾಲೆಯ ಕೆಲಸ ಸಿಕ್ಕಿತು, ಸಸಿ ನೆಟ್ಟದ್ದನ್ನೇ ನೆರಳೆಂದು ಮಾವ ಒಪ್ಪಿಕೊಂಡರು. ಬೆಳಿಗ್ಗೆ ಡಬ್ಬಿಯನ್ನು ಹ್ಯಾಂಡಲಿಗೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರನ್ನೂ ಕೇಳದೆ ಹೊರಡುತ್ತಿದ್ದೆ. ಯಾರನ್ನೂ ಕೇಳದೆ. ಇದನ್ನು ಓದುವ ಗಂಡಸರಿಗೆ ಇದರಲ್ಲೇನಿದೆ ಅನಿಸಬಹುದು. ಸಸಿಗಳು ಇನ್ನೂ ಸೊಂಟದ ಎತ್ತರ, ನೆರಳೆಂಬುದು ಚಾಪೆಯಷ್ಟೂ ಇರಲಿಲ್ಲ, ಆದರೆ ದಾರಿ ನುಣ್ಣಗಿತ್ತು. ಕಾಲೇಜಿನ ಹುಡುಗಿಯರು ಹಿಂದಿನಿಂದ ಗಂಟೆ ಬಾರಿಸುತ್ತ ದಾಟಿ ಹೋಗುತ್ತಿದ್ದರು. ಅವರಿಗೆ ನಾನು ಬಾಯಿ, ಅಂದರೆ ಟೀಚರು. ಪೇಟೆಯಲ್ಲಿ ಮೊದಮೊದಲು ತಿರುತಿರುಗಿ ನೋಡಿದವರು ಆಮೇಲೆ ನೋಡುವುದನ್ನು ಬಿಟ್ಟರು. ಮಾವ ಅಂಗಡಿಯಲ್ಲಿ ಯಾರೋ ಕೆಣಕಿದ್ದಕ್ಕೆ ನಮ್ಮ ಸೂನ್ ದುಡಿಯುತ್ತಾಳೆ, ನಿಮ್ಮ ಸೊಸೆಯರಿಗೂ ಹೇಳಿ ಎಂದರಂತೆ.

ಒಂದು ಮುಂಜಾನೆ ನಾನು ಹೊರಡುವಾಗ ಮಾವ ಅಂಗಳದಲ್ಲಿ ನಿಂತಿದ್ದರು. ಹ್ಯಾಂಡಲ್ ಮೇಲೆ ಕೈ ಇಟ್ಟು ಬ್ರೇಕ್ ಒತ್ತಿ ನೋಡಿದರು. ಆಮೇಲೆ ಏನನಿಸಿತೋ, ಧೋತರದ ಚುಂಗು ಮೇಲೆ ಸಿಕ್ಕಿಸಿ, ಹೆಣ್ಣುಮಕ್ಕಳ ಸೈಕಲ್ಲನ್ನು ಏರಿ ಗಲ್ಲಿಯ ಕೊನೆಯವರೆಗೆ ಹೋಗಿ ತಿರುಗಿ ಬಂದರು. ಎಪ್ಪತ್ತು ದಾಟಿದ ಮನುಷ್ಯ. ಉಸಿರು ಬಿಡುತ್ತ ಇಳಿದು, ಈಗಿನವು ಹಗುರ ಅದಾವ ಎಂದಷ್ಟೇ ಹೇಳಿ ಪೂಜೆಗೆ ಹೋದರು. ನನಗೆ ಅವರ ಮೇಲೆ ಆ ದಿನ ಹುಟ್ಟಿದ ಪ್ರೀತಿ ನನ್ನ ಸ್ವಂತ ಅಪ್ಪನ ಮೇಲೂ ಇತ್ತೋ ಇಲ್ಲವೋ.

ಗಿಡಗಳು ಬೆಳೆದವು. ಬೆಳೆದದ್ದೇ ತಪ್ಪಾಯಿತು. ಟೊಂಗೆಗಳು ಸರಿಯಾಗಿ ಸೈಕಲ್ ಮೇಲೆ ಕೂತವರ ಮುಖದ ಎತ್ತರಕ್ಕೆ ಚಾಚಿದವು. ಕಡಿಯುವವರಿಲ್ಲ. ಕಚೇರಿಯ ಮಾಲಿ ಕತ್ತರಿ ಹಿಡಿದು ಬಂದರೆ ಎದುರಿನ ಅಂಗಡಿಯವರು ಎದ್ದು ಬಂದು ನನ್ನ ಅಜ್ಜನ ಕೈ ಕಡಿಯುತ್ತೀಯಾ ಎಂದು ಓಡಿಸುತ್ತಿದ್ದರು. ಮುಳ್ಳು ಉದುರಿ ದಾರಿಯ ತುಂಬ ಬಿದ್ದವು. ದಾರಿಯ ಕೊನೆಗೆ ಒಬ್ಬ ಪಂಕ್ಚರ್ ಅಂಗಡಿ ಇಟ್ಟ. ಇಡೀ ಸಾಲಿನಲ್ಲಿ ಬಿಲ್ವದಿಂದ ಕಣ್ಣಿಗೆ ಕಾಣುವ ಲಾಭವಾದದ್ದು ಅವನಿಗೊಬ್ಬನಿಗೇ. ಕಾಲೇಜಿನ ಹುಡುಗಿಯರು ಕೈ ಮೇಲೆ ಗೀರು ತೋರಿಸಿಕೊಂಡು, ಹಸಿರು ದಾರಿ ಬಿಟ್ಟು ಲಾರಿಗಳ ನಡುವೆಯೇ ನುಸುಳತೊಡಗಿದರು.

ಇನ್ನು ನಡುವಿನ ಬೋಳು ದಾರಿಯ ಕತೆ. ಊರಲ್ಲಿ ಅಷ್ಟು ನುಣುಪಾದ ಸಿಮೆಂಟು, ಅಷ್ಟು ಒಳ್ಳೆಯ ಬಿಸಿಲು ಬೇರೆ ಎಲ್ಲಿದೆ? ಸುಗ್ಗಿ ಬಂದದ್ದೇ ಸೋಯಾಬೀನ್, ತೊಗರಿ ತಂದು ಅದರ ಮೇಲೆ ಹರವಿದರು. ಗಂಟೆ ಬಾರಿಸಿದರೆ ಕಾವಲಿಗೆ ಕೂತ ಹೆಂಗಸರು ನನ್ನನ್ನು ನೋಡುವ ನೋಟ, ನಾನು ಅವರ ಅನ್ನದ ಮೇಲೆ ಗಾಲಿ ಹಾಯಿಸಲು ಬಂದವಳು ಎಂಬಂತೆ. ಅವರನ್ನು ಬೈಯಲೂ ಬಾಯಿ ಬರುವುದಿಲ್ಲ. ಹರವಿದ ಕಾಳಿನಲ್ಲಿ ಅರ್ಧ ನಮ್ಮ ಅಂಗಡಿಗೇ ಬರುವಂಥದು.

ಆಮೇಲೆ ಕಟ್ಟೆಗಳು ಎದ್ದವು. ಚೌಕದ ಬಳಿ ಒಬ್ಬರು ತಮ್ಮ ತಾಯಿಯ ಗಿಡಕ್ಕೆ ಇಟ್ಟಿಗೆಯ ಕಟ್ಟೆ ಕಟ್ಟಿಸಿದರು. ಮಗ್ಗುಲಿನವರು ಅದಕ್ಕಿಂತ ಒಂದು ಗೇಣು ಅಗಲದ್ದು ಕಟ್ಟಿಸಿ ಟೈಲ್ಸ್ ಹಾಕಿಸಿದರು. ಮೂರನೆಯವರು ಲಿಂಗ ಇಟ್ಟರು, ನಾಲ್ಕನೆಯವರು ಲಿಂಗದ ಮುಂದೆ ನಂದಿ ಇಟ್ಟರು. ಒಂದೊಂದು ಕಟ್ಟೆಗೂ ಸೈಕಲ್ ದಾರಿಯ ಅರ್ಧ ಹೋಯಿತು. ಉಮರ್ಗಾದಿಂದ ಬಂದ ನಮ್ಮ ಮಾವನ ಸೋದರಮಾವನ ಮಗ ಒಬ್ಬರು ಇದನ್ನು ನೋಡಿ, ನಮ್ಮಲ್ಲಿ ಹೆದ್ದಾರಿಯವರು ದೇವರನ್ನೂ ಬಿಡಲಿಲ್ಲ, ನಿಮ್ಮೂರಿನವರು ಎಷ್ಟು ಶ್ರದ್ಧೆಯವರು ಎಂದು ಹೊಗಳಿ ಹೋದರು.

ಮಾವ ಇದ್ದಷ್ಟು ದಿನ ನಮ್ಮ ಗಿಡಕ್ಕೆ ಕಟ್ಟೆ ಏಳಲಿಲ್ಲ. ಅತ್ತೆ ಒಂದೆರಡು ಸಲ ವಿಷಯ ತೆಗೆದರು. ಬದುಕಿದವನಿಗೆ ಎಂಥ ಕಟ್ಟೆ ಎಂದು ಮಾವ ತಳ್ಳಿಹಾಕುತ್ತಿದ್ದರು. ಬಯಲಿನ ತಿರುವಿನಲ್ಲಿ ಅವರ ಗಿಡ ಒಂಟಿಯಾಗಿ, ದಾರಿಗೆ ಅಡ್ಡವಾಗದೆ ನಿಂತಿತ್ತು. ನಾನು ಚೌಕದ ಬಳಿ ಸೈಕಲ್ ನೂಕಿಕೊಂಡು, ಕಾಳಿನ ಬಳಿ ಇಳಿದು ಹತ್ತಿ, ಆ ತಿರುವು ಮುಟ್ಟಿದ ಮೇಲೆ ಶಾಲೆಯವರೆಗೆ ಸರಾಗ ತುಳಿಯುತ್ತಿದ್ದೆ. ಅಷ್ಟಾದರೂ ಉಳಿದಿತ್ತು.

ಅದೊಂದು ಬೇಸಿಗೆಯಲ್ಲಿ ಮಾವ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಅವರ ಸಮಾಧಿ ಹುಟ್ಟೂರು ವಲಾಂಡಿಯ ಹೊಲದಲ್ಲಾಯಿತು. ಅಳುತ್ತ ಕೂತ ನನ್ನ ತಲೆಯ ಮೇಲೆ ಅತ್ತೆ ಕೈ ಇಟ್ಟು ತಾವೇ ಸಮಾಧಾನ ಹೇಳಿದರು. ಹೊಲ ದೂರ, ದಿನಾ ಹೋಗಲಾಗುವುದಿಲ್ಲ. ಆದ್ದರಿಂದ ತಿಂಗಳು ತುಂಬುವುದರೊಳಗೆ ಬಯಲಿನ ತಿರುವಿನ ಗಿಡವೇ ಮಾವನಾಯಿತು. ಕಟ್ಟೆ ಆಗಬೇಕು ಎಂದು ಅತ್ತೆ ಹೇಳಿದಾಗ ಬೇಡ ಎನ್ನುವ ಧೈರ್ಯ ಯಾರಿಗಿತ್ತು? ಇಡೀ ಪೇಟೆ ನೋಡುತ್ತಿರುವಾಗ ಸಣ್ಣ ಕಟ್ಟೆಯನ್ನು ಕಟ್ಟುವಂತೆಯೂ ಇರಲಿಲ್ಲ. ನಾಲ್ಕು ಮೆಟ್ಟಿಲಿನದು ಎದ್ದಿತು, ಕಪ್ಪು ಗ್ರಾನೈಟಿನದು. ಮೇಲೆ ತಗಡಿನ ಸೂರು, ಸುತ್ತ ಕಬ್ಬಿಣದ ಕಟಾಂಜನ. ಸೈಕಲ್ ದಾರಿ ಆ ಕಟಾಂಜನಕ್ಕೆ ಬಂದು ನಿಂತಿತು. ಮನೆಯ ಸೊಸೆ ಎಂದು ಮೊದಲ ಕಲ್ಲಿಗೆ ಅರಿಶಿನ ಹಚ್ಚಿದವಳು ನಾನೇ.

ಆ ವರ್ಷ ರಜೆಗೆ ಧಾರವಾಡಕ್ಕೆ ಹೋದೆ. ಅಣ್ಣನ ಮಗಳ ಸೈಕಲ್ ತೆಗೆದುಕೊಂಡು ಹಳೆಯ ದಾರಿಗೆ ಹೊರಟೆ. ಅಲ್ಲೂ ರಸ್ತೆ ಅಗಲವಾಗಿತ್ತು. ಯಾವ ತಿರುವಿನಲ್ಲಿ ಯಾವ ಮರವಿತ್ತು ಎಂಬುದು ನನಗೆ ನೆನಪಿತ್ತು, ಮರಗಳು ಇರಲಿಲ್ಲ. ಹಿಂದಿನಿಂದ ಬಂದ ಮೋಟರ್‌ಸೈಕಲ್ಲಿನ ಹುಡುಗನೊಬ್ಬ ಬದಿಗೆ ಸರೀರಿ ಆಂಟಿ ಎಂದು ಹಾರ್ನ್ ಒತ್ತಿದ. ಇಷ್ಟು ವರ್ಷ ಉದಗೀರವನ್ನು ನಾನು ಯಾವ ಊರಿನ ಜೊತೆ ಹೋಲಿಸಿ ಕೊರಗುತ್ತಿದ್ದೆನೋ ಆ ಊರು ಅಲ್ಲಿ ಇರಲಿಲ್ಲ. ಸಂಜೆ ಊಟಕ್ಕೆ ಕೂತಾಗ ನಾನು ಗೊತ್ತಿಲ್ಲದೆಯೇ ಮರಾಠಿ ಬೆರೆಸಿ ಥೋಡಾ ಸಾರು ಹಾಕು ಎಂದೆ, ಅಣ್ಣ ತುತ್ತು ಬಿಟ್ಟು ನಕ್ಕ. ನೀ ಪೂರಾ ಆ ಕಡೆಯವಳಾಗಿಬಿಟ್ಟೆಯಲ್ಲ ಎಂದ. ಪ್ರೀತಿಯಿಂದಲೇ ಅಂದದ್ದು.

ತಿರುಗಿ ಬರುವಷ್ಟರಲ್ಲಿ ಕಚೇರಿಗೆ ಹೊಸ ಸಾಹೇಬರು ಬಂದಿದ್ದರು. ವಯಸ್ಸು ಚಿಕ್ಕದು, ತಾವೂ ಸೈಕಲ್ ಮೇಲೆಯೇ ಬರುತ್ತಾರೆ ಎಂದು ಊರೆಲ್ಲ ಸುದ್ದಿ. ಒಬ್ಬ ಕಾಲೇಜಿನ ಹುಡುಗಿ ಕಟ್ಟೆ ಸುತ್ತಿ ಹೋಗಲು ರಸ್ತೆಗಿಳಿದು ಲಾರಿ ತಾಗಿ ಕಾಲು ಮುರಿದುಕೊಂಡಿದ್ದಳು. ಅದು ನಮ್ಮ ಕಟ್ಟೆಯಲ್ಲ, ಚೌಕದ ಬಳಿಯದು. ಸಾಹೇಬರು ಶಾಲೆಗೆ ಬಂದಾಗ ನಾನೇ ಮಾತು ತೆಗೆದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ತಾವಾಗಿ ಒಡೆಸಲು ಹೋದರೆ ಗಲಾಟೆ ಆಗುತ್ತದೆ. ಒಂದು ಮನೆಯವರು, ಅದೂ ಮಾನವಂತ ಮನೆಯವರು, ತಮ್ಮ ಕಟ್ಟೆಯನ್ನು ತಾವೇ ಹಿಂದಕ್ಕೆ ಸರಿಸಿಕೊಂಡರೆ ಉಳಿದವರ ಬಾಯಿ ಕಟ್ಟುತ್ತದೆ, ಗಿಡ ಕಡಿಯುವುದು ಬೇಡ, ಕಟ್ಟೆಯನ್ನು ಬಯಲಿನ ಕಡೆಗೆ ಸರಿಸಿದರೆ ಸಾಕು. ಅವರಿಗೆ ಯಾರ ಮನೆ ಎಂಬುದು ಗೊತ್ತಿತ್ತು. ನನಗೂ ಗೊತ್ತಿತ್ತು.

ಎಂಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಕೊನೆಗೆ ಒಂದು ಸಂಜೆ ಹೇಳಿದೆ. ಅತ್ತೆ ಬತ್ತಿ ಹೊಸೆಯುತ್ತಿದ್ದರು. ವಿಶ್ವನಾಥ ಫೋನು ನೋಡುತ್ತಿದ್ದವನು ಫೋನು ಇಳಿಸಿದ. ಮಾವ ಇದ್ದಿದ್ದರೆ ತಾವೇ ಸರಿಸಿಕೊಳ್ಳುತ್ತಿದ್ದರು, ಅವರು ಆ ಗಿಡ ಹಚ್ಚಿದ್ದೇ ದಾರಿಯಲ್ಲಿ ಹೋಗುವವರಿಗೆ ನೆರಳಾಗಲೆಂದು ಎಂದು ನಾನು ಹೇಳಿದೆ. ಇದು ನಿಜ. ನಿಜವಾದದ್ದರಿಂದಲೇ ಅತ್ತೆಗೆ ತಡೆಯಲಾಗಲಿಲ್ಲ. ಬತ್ತಿಗಳನ್ನು ಹಾಗೇ ಬಿಟ್ಟು ಅವರು ನನ್ನ ಮುಖ ನೋಡಿದರು.

"ಅವ್ರು ಅಲ್ಲಿ ಕುಂತಾರ, ಬಾಳಾ. ಆಯುಷ್ಯ ಪೂರ್ತಿ ಅಂಗಡ್ಯಾಗ ದುಡದು ಈಗ ಕುಂತಾರ. ಅವ್ರಿಗಿ ಎಬ್ಬಿಸಿ ನೀ ಸೈಕಲ್ ಹೊಡೀತಿ?"

ನನ್ನನ್ನು ಬಾಳಾ, ಅಂದರೆ ಮಗೂ, ಎಂದು ಕರೆದ ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಗೆಲ್ಲುತ್ತಿದ್ದೆನೋ ಏನೋ. ಗಂಡ ಸತ್ತ ಹೆಂಗಸಿಗೆ ಹೋಗಿ ಕೂರಲು ಆ ಊರಿನಲ್ಲಿ ಇದ್ದದ್ದು ಅದೊಂದೇ ಜಾಗ. ಮದುವೆಯಾದಾಗಿನಿಂದ ಅವರೂ ಯಾರನ್ನೂ ಕೇಳದೆ ಹೊಸ್ತಿಲು ದಾಟಿದವರಲ್ಲ, ಈಗ ಸೋಮವಾರ ಸೋಮವಾರ ಕಾರು ತರಿಸಿಕೊಂಡು ಹೊರಡುತ್ತಾರೆ, ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಇದು ನನಗೆ ಆ ಕ್ಷಣದಲ್ಲೇ ತಿಳಿಯಿತು. ತಿಳಿದು ನನಗೆ ಇನ್ನಷ್ಟು ಹೊಟ್ಟೆ ಉರಿಯಿತು. ಒಬ್ಬಳು ಹೊರಗೆ ಕಾಲಿಡಬೇಕಾದರೆ ಇನ್ನೊಬ್ಬಳ ದಾರಿಯೇ ಬೇಕೇ? ನಾನು ಎದ್ದು ಒಳಗೆ ಹೋಗಿ ರೊಟ್ಟಿಯ ಹಿಟ್ಟು ನಾದಿದೆ. ಸಾಹೇಬರಿಗೆ ವಿಶ್ವನಾಥನೇ ಏನೋ ಹೇಳಿ ಕಳಿಸಿದ. ಕೆಲವೇ ತಿಂಗಳಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಈಗ ನಾನು ಶಾಲೆಗೆ ಅಂಗಡಿಯ ಕಾರಿನಲ್ಲಿ ಹೋಗುತ್ತೇನೆ. ಡ್ರೈವರ್ ಬಿಡುವಾದಾಗ ಹೋಗುತ್ತೇನೆ, ಬಿಡುವಾದಾಗ ಬರುತ್ತೇನೆ. ಸೈಕಲ್ಲನ್ನು ನಾದಿನಿಯ ಮಗಳು ನಿಲಂಗಾಕ್ಕೆ ತೆಗೆದುಕೊಂಡು ಹೋದಳು, ಅಲ್ಲಿ ಮನೆಯ ಅಂಗಳದಲ್ಲೇ ಸುತ್ತು ಹೊಡೆಯುತ್ತಾಳಂತೆ. ಅತ್ತೆಗೆ ಮೊಣಕಾಲು ನೋವು ಹೆಚ್ಚಾಗಿ ಮೆಟ್ಟಿಲು ಹತ್ತಲಾಗುವುದಿಲ್ಲ. ಆದ್ದರಿಂದ ಸೋಮವಾರದ ಪೂಜೆ ನನ್ನ ಪಾಲಿಗೆ ಬಂದಿದೆ. ಸೋಮವಾರ ಬಿಲ್ವ ಹರಿಯಬಾರದು ಎಂದು ರವಿವಾರವೇ ಪತ್ರಿ ಹರಿದು ಒದ್ದೆ ಅರಿವೆಯಲ್ಲಿ ಸುತ್ತಿಡುವುದು, ಮರುದಿನ ಕೊಡದಲ್ಲಿ ನೀರು ಒಯ್ದು ಗಿಡಕ್ಕೆ ಹಾಕಿ, ದೀಪ ಹಚ್ಚಿ, ಮಾವನ ಫೋಟೋಕ್ಕೆ ವಿಭೂತಿ ಹಚ್ಚುವುದು. ಅತ್ತೆ ಕಾರಿನಲ್ಲೇ ಕೂತು ಗಾಜು ಇಳಿಸಿ ನೋಡುತ್ತಿರುತ್ತಾರೆ. ಫೋಟೋದಲ್ಲಿ ಮಾವ ರುಮಾಲು ಸುತ್ತಿಕೊಂಡು ಗಂಭೀರವಾಗಿದ್ದಾರೆ. ಅವರು ಹಾಗಿರಲಿಲ್ಲ. ಒಮ್ಮೊಮ್ಮೆ ನಾನು ಅವರ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತೇನೆ, ನನಗೆ ನೆರಳು ಸಾಕಿತ್ತು, ನೀವು ಬೇಡವಾಗಿತ್ತು ಎನ್ನುತ್ತೇನೆ. ಹಾಗೆಂದ ಮೇಲೆ ಅಳುವೂ ಬರುತ್ತದೆ.

ಹೋದ ಸೋಮವಾರ ನಾನು ದೀಪ ಹಚ್ಚುತ್ತಿದ್ದಾಗ ಒಬ್ಬ ಹುಡುಗಿ ಸೈಕಲ್ ಮೇಲೆ ಬಂದಳು. ಈ ವರ್ಷವೇ ಕಾಲೇಜಿಗೆ ಸೇರಿದವಳಿರಬೇಕು, ಇನ್ನೂ ಹಸಿರು ದಾರಿಯನ್ನು ನಂಬಿಕೊಂಡು ಬಂದಿದ್ದಳು. ಕಟಾಂಜನದ ಮುಂದೆ ಇಳಿದಳು. ಆ ಕಡೆ ಈ ಕಡೆ ನೋಡಿದಳು, ದಾರಿ ಇಲ್ಲ. ಮುಂದಿನ ಗಾಲಿ ಎತ್ತಿ ರಸ್ತೆಗೆ ಇಳಿಸುವ ಮೊದಲು ಚಪ್ಪಲಿ ಕಳಚಿ ಗಿಡಕ್ಕೆ ಕೈ ಮುಗಿದಳು, ಆಮೇಲೆ ನನಗೂ ಮುಗಿದಳು. ಇದು ನಿಮ್ಮದೇ ಏನು ಎಂದು ಮರಾಠಿಯಲ್ಲಿ ಕೇಳಿದಳು. ಹೌದು ಎಂದೆ. ಕಲ್ಲುಸಕ್ಕರೆ ಕೊಟ್ಟೆ. ಲಾರಿಗಳು ಹಾಯುತ್ತಿದ್ದವು. ನೋಡಿಕೊಂಡು ಹೋಗು ಬಾಳಾ ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಬೇರೆ ಏನು ಹೇಳಲಿ? ಅವಳು ಲಾರಿಗಳ ನಡುವೆ ಸಂದು ಕಾದು, ಸೈಕಲ್ಲನ್ನು ಓಡಿಸಿಕೊಂಡೇ ಹತ್ತಿ ಹೋದಳು. ಅವಳು ಕಾಲೇಜಿನ ಗೇಟು ಮುಟ್ಟುವವರೆಗೂ ನಾನು ಬತ್ತಿ ಹಿಡಿದು ನಿಂತಿದ್ದೆ.

ಕಾರಿನ ಹತ್ತಿರ ಬಂದಾಗ ಅತ್ತೆ ಯಾರೋ ಪರಿಚಯದ ಹೆಂಗಸಿನೊಡನೆ ಗಾಜಿನಾಚೆ ಮಾತಾಡುತ್ತಿದ್ದರು. ನನ್ನನ್ನು ತೋರಿಸಿ, ಎದೆಯುಬ್ಬಿಸಿ, ಇಷ್ಟು ವರ್ಷದಲ್ಲಿ ಎಂದೂ ಹೇಳದ ಮಾತನ್ನು ಹೇಳಿದರು.

"ಧಾರವಾಡದಾಕಿ ಇದ್ಳು ಮೊದಲ. ಈಗ ನೋಡ್ರಿ, ಖರೆ ಉದಗೀರದಾಕಿ ಆಗ್ಯಾಳ."

ನಾನು ಖಾಲಿ ಕೊಡ ಕಾಲಿಡುವಲ್ಲಿ ಇಟ್ಟು, ಅವರ ಮಗ್ಗುಲಿಗೆ ಕೂತು ಬಾಗಿಲು ಹಾಕಿಕೊಂಡೆ.